ಹುಲ್ಲುಹಾಸಿನ ಅಡಿಯ ಹದಿನೇಳು ವರ್ಷ

ಅಮೆರಿಕದಲ್ಲಿ ಮನೆ ಮುಂದಿನ ಹುಲ್ಲುಹಾಸು ಎಂದರೆ ಮನೆಯ ಮಾನ. ವಾರಕ್ಕೊಮ್ಮೆ ಕತ್ತರಿಸದಿದ್ದರೆ ನೆರೆಯವರ ಮುಖ ಗಂಟಿಕ್ಕುತ್ತದೆ. ಇಷ್ಟು ಜತನದಿಂದ ಕಾಪಾಡಿದ ಹುಲ್ಲಿನಲ್ಲಿ ಮೇ ತಿಂಗಳ ಒಂದು ಸಂಜೆ ಬೆರಳು ತೂರುವಷ್ಟು ಅಗಲದ ಸಾವಿರಾರು ತೂತುಗಳು ಕಾಣಿಸಿಕೊಳ್ಳುತ್ತವೆ. ಅವುಗಳಿಂದ ಹೊರಬಂದ ಹುಳುಗಳು ಮರ ಹತ್ತಿ, ಪೊರೆ ಕಳಚಿ, ಕೆಂಪು ಕಣ್ಣಿನ ಜೀರುಂಡೆಗಳಾಗಿ ಹಗಲಿಡೀ ಕಿವಿಗಡಚಿಕ್ಕುವಂತೆ ಕೂಗುತ್ತವೆ. ಅವೆಲ್ಲ ಸತ್ತು ಮುಗಿದ ಮೇಲೆ, ಜುಲೈ ತಿಂಗಳಲ್ಲಿ, ಅದೇ ಅಂಗಳದಲ್ಲಿ ಮತ್ತೆ ತೂತುಗಳು. ಈ ಸಲ ಅವುಗಳ ಬಾಯಲ್ಲಿ ಹೆಬ್ಬೆರಳುದ್ದದ ಕಪ್ಪು-ಹಳದಿ ಪಟ್ಟೆಯ ಕಣಜಗಳು ಸುಳಿದಾಡುತ್ತಿರುತ್ತವೆ. ಮನೆಯೊಡೆಯ ವಿಷದ ಡಬ್ಬಿಗೆ ಕೈಹಾಕುವುದು ಸಾಮಾನ್ಯವಾಗಿ ಈ ಹಂತದಲ್ಲಿ.

ಈ ಎರಡೂ ಕೀಟಗಳ ಬಗೆಗಿನ ಭಯ ಹುಲ್ಲುಹಾಸಿಗಿಂತ ಹಳೆಯದು. 1620ರಲ್ಲಿ ಇಂಗ್ಲೆಂಡಿನಿಂದ ಬಂದು ಪ್ಲಿಮತ್‌ನಲ್ಲಿ ನೆಲೆಸಿದ ವಲಸಿಗರ ಮುಖ್ಯಸ್ಥ ವಿಲಿಯಂ ಬ್ರಾಡ್‌ಫರ್ಡ್, ನೆಲದ ತೂತುಗಳಿಂದ ಎದ್ದುಬಂದ ದೊಡ್ಡ ನೊಣಗಳ ವಿಷಯವನ್ನು ತನ್ನ ಇತಿಹಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಅವುಗಳ ಗಾತ್ರಕ್ಕೆ ಅವನು ಕೊಟ್ಟ ಹೋಲಿಕೆಯೇ ಕಣಜದ್ದು! ಅವು ಹಸಿರನ್ನೆಲ್ಲ ತಿಂದವು, ಕಾಡು ಕಿವುಡಾಗುವಂತೆ ಕಿರುಚಿದವು, ಇದರ ಹಿಂದೆಯೇ ರೋಗ ಬರುತ್ತದೆಂದು ಸ್ಥಳೀಯ ಇಂಡಿಯನ್ನರು ಎಚ್ಚರಿಸಿದರು, ರೋಗ ಬಂದೂಬಿಟ್ಟಿತು ಎಂಬುದು ಅವನ ಬರಹದ ಸಾರಾಂಶ. ಗ್ರಂಥದಲ್ಲಿ ಇದು 1633ರ ಅಧ್ಯಾಯದಲ್ಲಿದೆ. ಆದರೆ ಆ ಪ್ರದೇಶದಲ್ಲಿ ಹದಿನೇಳು ವರ್ಷಕ್ಕೊಮ್ಮೆ ಏಳುವ ಜೀರುಂಡೆಗಳ ಲೆಕ್ಕವನ್ನು ಹಿಂದಕ್ಕೆ ಹಾಕುತ್ತ ಹೋದರೆ 1634ರ ವಸಂತ ಸಿಗುತ್ತದೆ. ಅವುಗಳ ವಂಶದವು 2025ರಲ್ಲೂ ಎದ್ದವು.

ಹಸಿರನ್ನು ತಿಂದವು ಎಂಬ ಮಾತು ಮಾತ್ರ ಸರಿಯಲ್ಲ. ಜೀರುಂಡೆಗೆ ಕಚ್ಚಿ ಅಗಿಯುವ ಬಾಯಿಯೇ ಇಲ್ಲ. ಇರುವುದು ರಸ ಹೀರುವ ಕೊಳವೆ. ಬೈಬಲ್ಲಿನ ಮಿಡತೆ ದಾಳಿಯ ಕಥೆಯನ್ನು ತಲೆಯಲ್ಲಿಟ್ಟುಕೊಂಡು ಬಂದವರಿಗೆ ಗುಂಪಾಗಿ ಬಂದ ಯಾವ ಹುಳುವೂ ಮಿಡತೆಯೇ. ಅಮೆರಿಕದ ಹಳ್ಳಿಗಳಲ್ಲಿ ಜೀರುಂಡೆಗೆ ‘ಲೋಕಸ್ಟ್’ ಎಂಬ ಮಿಡತೆಯ ಹೆಸರು ಹೀಗೆ ಅಂಟಿಕೊಂಡಿತು. ಹೆಸರಿನ ಜೊತೆಗೆ ಬೆಳೆನಾಶದ ಆರೋಪವೂ ಅಂಟಿಕೊಂಡಿತು.

ಈ ಆರೋಪವನ್ನು ಸ್ವತಃ ಪರೀಕ್ಷಿಸಿ ನೋಡಿದವರಲ್ಲಿ ಬೆಂಜಮಿನ್ ಬ್ಯಾನೆಕರ್‌ಗೆ ವಿಶೇಷ ಸ್ಥಾನವಿದೆ. ಗುಲಾಮಗಿರಿ ರಾಜ್ಯವಾಗಿದ್ದ ಮೇರಿಲ್ಯಾಂಡಿನಲ್ಲಿ ಸ್ವತಂತ್ರ ಕಪ್ಪು ಕುಟುಂಬವೊಂದರಲ್ಲಿ 1731ರಲ್ಲಿ ಹುಟ್ಟಿದ ಈತ ಹೊಗೆಸೊಪ್ಪು ಬೆಳೆಯುತ್ತಲೇ ಗಣಿತ ಕಲಿತು, ಗ್ರಹಗಳ ಚಲನೆ ಲೆಕ್ಕಹಾಕಿ ವಾರ್ಷಿಕ ಪಂಚಾಂಗಗಳನ್ನು ಪ್ರಕಟಿಸಿದವನು. 1749ರಲ್ಲಿ ಜೀರುಂಡೆಗಳು ಎದ್ದಾಗ ಅವನಿಗೆ ಹದಿನೇಳು. ಫಸಲೆಲ್ಲ ಹಾಳಾಗುತ್ತದೆಂದು ಹೆದರಿ ಅವುಗಳನ್ನು ಕೊಲ್ಲಲು ಹೊರಟ. ಅದು ವ್ಯರ್ಥವೆಂದು ಬೇಗನೆ ಅರಿವಾಯಿತು. 1766ರಲ್ಲಿ ಅವು ಮತ್ತೆ ಬಂದವು, 1783ರಲ್ಲಿ ಇನ್ನೊಮ್ಮೆ. ಆಗ ಬ್ಯಾನೆಕರ್ ಧೂಮಕೇತುವಿಗೆ ಹಾಕುವಂತೆಯೇ ಲೆಕ್ಕ ಹಾಕಿ, 1800ರಲ್ಲಿ ಇವು ಬರಬೇಕು ಎಂದು ದಿನಚರಿಯಲ್ಲಿ ಬರೆದ. ಬಂದವು. ಹಿಂಭಾಗ ಕೊಳೆತು ಉದುರಿಹೋದರೂ ಅವು ಸಾಯುವ ತನಕ ಹಾಡುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಅದೊಂದು ಶಿಲೀಂಧ್ರದ ಕೆಲಸವೆಂದು ವಿಜ್ಞಾನ ಹೇಳಿದ್ದು ಮುಂದಿನ ಶತಮಾನದಲ್ಲಿ. 1806ರಲ್ಲಿ ಬ್ಯಾನೆಕರ್‌ನ ಅಂತ್ಯಕ್ರಿಯೆ ನಡೆಯುತ್ತಿದ್ದಾಗಲೇ ಅವನ ಮನೆ ಸುಟ್ಟುಹೋಯಿತು. ಆ ಮೊದಲೇ ನೆರೆಯವರ ಮನೆ ಸೇರಿದ್ದ ದಿನಚರಿ ಉಳಿದುಕೊಂಡಿತು.

1749ರ ಅದೇ ವಸಂತದಲ್ಲಿ ಲಿನೀಯಸ್‌ನ ಶಿಷ್ಯ ಪೆಹ್ರ್ ಕಾಮ್ ಕೂಡ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಸುತ್ತುತ್ತಿದ್ದ. ಅವನು 1756ರಲ್ಲಿ ಸ್ವೀಡನ್ನಿನಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೂ ಈ ಕೀಟ ಒಂದು ಬಗೆಯ ಮಿಡತೆಯೇ! ಎರಡೇ ವರ್ಷದಲ್ಲಿ ಲಿನೀಯಸ್ ಅದನ್ನು ಜೀರುಂಡೆಗಳ ಸಾಲಿಗೆ ಸೇರಿಸಿ, ಹದಿನೇಳು ಎಂಬರ್ಥದ ‘ಸೆಪ್ಟೆಂಡೆಸಿಮ್’ ಎಂಬ ಹೆಸರಿಟ್ಟ. ಒಂದೊಂದು ಪ್ರದೇಶದಲ್ಲಿ ಒಂದೊಂದು ವರ್ಷ ಏಳುವ ತಂಡಗಳಿಗೆ 1898ರಲ್ಲಿ ರೋಮನ್ ಅಂಕಿಗಳನ್ನು ಕೊಟ್ಟವನು ಅಮೆರಿಕ ಸರ್ಕಾರದ ಕೀಟಶಾಸ್ತ್ರಜ್ಞ ಚಾರ್ಲ್ಸ್ ಮಾರ್ಲಟ್. ಬ್ಯಾನೆಕರ್ ಕಂಡದ್ದು ಹತ್ತನೆಯ ತಂಡ. ಬ್ರಾಡ್‌ಫರ್ಡ್ ಕಂಡದ್ದು ಹದಿನಾಲ್ಕನೆಯದು.

ಇನ್ನು ಕಣಜದ ಮಾತು. 1773ರಲ್ಲಿ ಇದನ್ನು ಮೊದಲು ವರ್ಣಿಸಿದವನು ಲಂಡನ್ನಿನ ಬೆಳ್ಳಿ ಕೆಲಸಗಾರ, ಕೀಟಸಂಗ್ರಾಹಕ ಡ್ರೂ ಡ್ರೂರಿ. ಆಡುಮಾತಿನಲ್ಲಿ ಇದರ ಹೆಸರು ‘ಜೀರುಂಡೆ ಕೊಲೆಗಾರ’. ಹೆಣ್ಣು ಕಣಜ ಒಣಗಿದ, ಹುಲ್ಲು ತೆಳುವಾದ ಮಣ್ಣಿನಲ್ಲಿ ಬಿಲ ತೋಡಿ, ಮರದ ಮೇಲಿನ ಜೀರುಂಡೆಯನ್ನು ಕುಟುಕುತ್ತದೆ. ಜೀರುಂಡೆ ಸಾಯುವುದಿಲ್ಲ, ಅಲ್ಲಾಡಲಾರದೆ ಬೀಳುತ್ತದೆ. ತನಗಿಂತ ಭಾರವಾದ ಆ ಬೇಟೆಯನ್ನು ಅಪ್ಪಿಕೊಂಡು ನೆಲದಿಂದ ಹಾರುವುದು ಕಷ್ಟ. ಆದ್ದರಿಂದ ಕಣಜ ಅದನ್ನು ಎಳೆದುಕೊಂಡು ಮರ ಹತ್ತಿ, ಎತ್ತರದಿಂದ ತೇಲಿ ಇಳಿಯುತ್ತದೆ. ಬಿಲದೊಳಗಿನ ಕೋಣೆಯಲ್ಲಿ ಅದನ್ನಿಟ್ಟು ಮೊಟ್ಟೆ ಹಾಕಿ ಬಾಗಿಲು ಮುಚ್ಚುತ್ತದೆ. ಗಂಡು ಮರಿಯಾಗುವ ಮೊಟ್ಟೆಗೆ ಒಂದು ಜೀರುಂಡೆ ಸಾಕು. ದೊಡ್ಡದಾಗಿ ಬೆಳೆಯುವ ಹೆಣ್ಣು ಮರಿಗೆ ಎರಡಾದರೂ ಬೇಕು.

ಕನ್ನಡದಲ್ಲಿ ಕಣಜ ಎಂದರೆ ಹುಳುವೂ ಹೌದು, ಧಾನ್ಯ ತುಂಬಿಡುವ ಜಾಗವೂ ಹೌದು. ಈ ಹುಳುವಿನ ಬಿಲವಂತೂ ನಮ್ಮ ಹಗೇವಿನಂತೆ ನೆಲದೊಳಗಿನ ಕಣಜವೇ ಸರಿ. ಕಣಜ ಗೂಡಿಗೆ ಹೊತ್ತೊಯ್ದ ಹುಳು ಅದನ್ನೇ ಧ್ಯಾನಿಸುತ್ತ ಕಣಜವಾಗಿಬಿಡುತ್ತದೆ ಎಂಬ ಭ್ರಮರ-ಕೀಟ ನ್ಯಾಯ ನಮ್ಮವರಿಗೆ ಪರಿಚಿತ. ಹುಳುವನ್ನು ಒಳಗೆ ಒಯ್ದದ್ದನ್ನೂ ಕಣಜ ಹೊರಬಂದದ್ದನ್ನೂ ಹಿಂದಿನವರು ಸರಿಯಾಗಿಯೇ ನೋಡಿದ್ದರು. ನಡುವಿನ ಮೊಟ್ಟೆ ಕಂಡಿರಲಿಲ್ಲ, ಅಷ್ಟೆ.

ಹೆಸರು ಜೀರುಂಡೆ ಕೊಲೆಗಾರನಾದರೂ, ಹದಿನೇಳು ವರ್ಷದ ಜೀರುಂಡೆಗೆ ಇದರಿಂದ ಹೆಚ್ಚಿನ ಅಪಾಯವಿಲ್ಲ. ಆ ಜೀರುಂಡೆಗಳು ಜೂನ್ ಮುಗಿಯುವುದರೊಳಗೆ ಬಹುಮಟ್ಟಿಗೆ ಸತ್ತಿರುತ್ತವೆ. ಕಣಜ ಮೇಲೆ ಬರುವುದೇ ಆಮೇಲೆ. ಅದು ಹಿಡಿಯುವುದು ಪ್ರತಿವರ್ಷ ಕಡುಬೇಸಿಗೆಯಲ್ಲಿ ಕೂಗುವ ಹಸಿರು ಜೀರುಂಡೆಗಳನ್ನು. ವರ್ಷಕ್ಕೊಂದು ತಲೆಮಾರು ಬದುಕುವ ಜೀವಿ ಹದಿನೇಳು ವರ್ಷಕ್ಕೊಮ್ಮೆ ಬಡಿಸುವ ಊಟವನ್ನು ನಂಬಿ ಕೂರಲಾರದು. ಒಂದೇ ಅಂಗಳದಲ್ಲಿ ಎರಡೂ ತೂತು ಕಾಣಿಸಿದರೆ ಒಂದು ಇನ್ನೊಂದನ್ನು ಕರೆತಂದಿತು ಎಂದು ಭಾವಿಸುವುದು ತಪ್ಪು.

ಮನುಷ್ಯರಿಗೂ ಈ ಕಣಜ ನಿರಪಾಯಕಾರಿ ಎನ್ನಬಹುದು. ಮುಖದ ಮುಂದೆ ಹಾರಿ ಹೆದರಿಸುವ ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣು ಕೈಯಲ್ಲಿ ಹಿಡಿದರೋ ಬರಿಗಾಲಲ್ಲಿ ತುಳಿದರೋ ಮಾತ್ರ ಕುಟುಕುತ್ತದೆ. ಆದರೆ ನೆಲದೊಳಗೆ ಗುಂಪಾಗಿ ಗೂಡು ಕಟ್ಟಿ, ಹತ್ತಿರ ಬಂದವರ ಮೇಲೆ ಎರಗುವ ಇನ್ನೊಂದು ಜಾತಿಯ ಹಳದಿ ಕಣಜವೂ ಅಲ್ಲಿದೆ. ಅದರ ಪಾಪಕ್ಕೆ ಇದರ ಬಿಲಕ್ಕೆ ಪೆಟ್ರೋಲ್ ಬೀಳುತ್ತದೆ.

ಎರಡನೆಯ ಮಹಾಯುದ್ಧದ ನಂತರ ಈ ಅಪನಂಬಿಕೆಗೆ ಹೊಸ ಆಯುಧಗಳು ಸಿಕ್ಕವು. 1947ರಿಂದ ನ್ಯೂಯಾರ್ಕ್ ಬಳಿ ಎದ್ದ ಲೆವಿಟ್‌ಟೌನ್‌ನಂಥ ಬಡಾವಣೆಗಳಲ್ಲಿ ಹುಲ್ಲು ಕತ್ತರಿಸುವುದು ಕರಾರಿನ ಭಾಗವೇ ಆಯಿತು. ಹುಲ್ಲಿನ ಬೇರು ತಿನ್ನುವ ಜಪಾನಿ ದುಂಬಿಯ ವಿರುದ್ಧ 1959ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ವಿಮಾನದಿಂದ ಆಲ್ಡ್ರಿನ್ ಸುರಿದ ಘಟನೆಯನ್ನು ರೇಚಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ನಲ್ಲಿ ವಿವರಿಸಿದ್ದಾರೆ. ವಿಪರ್ಯಾಸವೆಂದರೆ, ಇದೇ ದುಂಬಿಯ ಮರಿಗಳನ್ನು ಮಣ್ಣಿನೊಳಗೆ ಹುಡುಕಿ ಮೊಟ್ಟೆ ಇಡುವ ಸಣ್ಣ ಕಣಜಗಳನ್ನು 1920ರ ದಶಕದಲ್ಲಿಯೇ ಜಪಾನ್, ಕೊರಿಯಾಗಳಿಂದ ಸರ್ಕಾರ ತರಿಸಿಕೊಂಡಿತ್ತು.

ಹುಲ್ಲುಹಾಸೇ ಜೀರುಂಡೆಯ ಶತ್ರು ಎನ್ನುವಂತಿಲ್ಲ. ಹಳೆಯ ಮರಗಳಿರುವ, ಬಿಸಿಲು ಬೀಳುವ ಅಂಗಳ ಅವುಗಳಿಗೆ ಬಲು ಇಷ್ಟ. ಎಕರೆಗೆ 15 ಲಕ್ಷದವರೆಗೂ ಎದ್ದ ದಾಖಲೆಯಿದೆ. ಪೆಟ್ಟು ಬೀಳುವುದು ಮರ ಕಡಿದಾಗ, ಮೇಲ್ಮಣ್ಣು ಕೆರೆದು ಡಾಂಬರು ಹಾಕಿದಾಗ. ಬೇರಿನ ರಸ ಹೀರುತ್ತ ಕಾಲ ಎಣಿಸುವ ಮರಿಗೆ ಬೇರೆ ಕಡೆ ಹೋಗುವ ದಾರಿಯಿಲ್ಲ. ಮಾರ್ಲಟ್ ಎಣಿಸಿದ ಹನ್ನೊಂದನೆಯ ತಂಡ ಕನೆಕ್ಟಿಕಟ್ ನದಿಯ ಕಣಿವೆಯದು. ಅದು ಕೊನೆಯದಾಗಿ ಕಂಡದ್ದು 1954ರಲ್ಲಿ. ಲೆಕ್ಕದ ಪ್ರಕಾರ 1971ರಲ್ಲಿ ಮತ್ತೆ ಏಳಬೇಕಿತ್ತು, ಏಳಲಿಲ್ಲ.

ಬ್ಯಾನೆಕರ್ ಕಂಡ ಹತ್ತನೆಯ ತಂಡ 2021ರ ಮೇ ತಿಂಗಳಲ್ಲಿ ಎದ್ದಾಗ ಮೇರಿಲ್ಯಾಂಡ್, ವರ್ಜೀನಿಯಾಗಳ ಕನ್ನಡಿಗರ ಅಂಗಳಗಳಲ್ಲೂ ಅದೇ ಕೂಗು ಕೇಳಿಬಂತು. ಆ ಬೇಸಿಗೆಯಲ್ಲಿ ರೆಂಬೆಗಳ ಸೀಳಿನಿಂದ ಉದುರಿದ ಮರಿಗಳು ಈಗ ಆ ಹುಲ್ಲಿನ ಅಡಿಯಲ್ಲಿವೆ. ಅವುಗಳ ಸರದಿ 2038ಕ್ಕೆ.