ಪೆರುವಿನ ಮೀನು, ಪೆರುವಿನ ಸಾಲ

ಒಂದು ದೇಶದ ಮೀನುಗಾರಿಕೆಯ ಏಳುಬೀಳನ್ನು ಅಳೆಯುವುದಕ್ಕೆ ಎರಡು ಲೆಕ್ಕಗಳಿವೆ. ದಡಕ್ಕೆ ಬಂದ ಮೀನಿನ ತೂಕ ಒಂದು. ಬೋಟು, ಬಲೆ, ಡೀಸೆಲ್, ಕೂಲಿ, ಬಡ್ಡಿಗಳನ್ನು ಕಳೆದ ಮೇಲೆ ಕೈಯಲ್ಲಿ ಉಳಿಯುವ ಹಣ ಇನ್ನೊಂದು. ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯ ಪೆರು ದೇಶ 1960ರ ದಶಕದಲ್ಲಿ ಮೊದಲ ಲೆಕ್ಕದಲ್ಲಿ ಜಪಾನನ್ನೂ ಹಿಂದಿಕ್ಕಿ ಜಗತ್ತಿಗೇ ಮೊದಲನೆಯದಾಯಿತು. ಅದೇ ವರ್ಷಗಳಲ್ಲಿ ಎರಡನೆಯ ಲೆಕ್ಕ ಸಾಲದಲ್ಲಿ ಮುಳುಗುತ್ತ ಹೋಗಿ, ಕೊನೆಗೆ ಇಡೀ ಉದ್ಯಮವೇ ಸರ್ಕಾರದ ಕೊರಳಿಗೆ ಬಿತ್ತು. ಇಪ್ಪತ್ತನೆಯ ಶತಮಾನದ ಮೀನುಗಾರಿಕೆಯ ಚರಿತ್ರೆಯಲ್ಲಿ ಈ ಎರಡು ಲೆಕ್ಕಗಳ ನಡುವಿನ ಅಂತರ ಇಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣಗಳು ವಿರಳ.

ಪೆರುವಿನ ಸಿರಿಗೆ ಮೂಲ ಅದರ ಕಡಲಿನ ತಣ್ಣೀರು. ಹಂಬೋಲ್ಟ್ ಪ್ರವಾಹವೆಂದು ಹೆಸರಾದ ಶೀತಲ ಹರಿವು ಕರಾವಳಿಯುದ್ದಕ್ಕೂ ಉತ್ತರದ ಕಡೆ ಸಾಗುತ್ತಿರುವಾಗ, ಗಾಳಿ ಮೇಲಿನ ನೀರನ್ನು ದಡದಿಂದ ಆಚೆಗೆ ದೂಡುತ್ತದೆ. ಆ ಜಾಗಕ್ಕೆ ಆಳದಿಂದ ಪೋಷಕ ಲವಣಗಳಿಂದ ತುಂಬಿದ ನೀರು ಮೇಲೇಳುತ್ತದೆ. ಈ ನೀರಿನಲ್ಲಿ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಹುಲುಸಾಗಿ ಬೆಳೆದು, ಅವನ್ನೂ ಅವುಗಳನ್ನು ಮೇಯುವ ಸೂಕ್ಷ್ಮ ಜೀವಿಗಳನ್ನೂ ತಿಂದು ಆಂಚೊವೆಟ ಎಂಬ ಗೇಣುದ್ದವೂ ಇಲ್ಲದ ಮೀನು ಅಪಾರ ಹಿಂಡುಗಳಾಗಿ ಬೆಳೆಯುತ್ತದೆ. ಕನ್ನಡ ಕರಾವಳಿಯ ಜನ ಬೊಳೆಂಜಿರ್ ಎಂದು ಕರೆಯುವ ಮೀನಿನ ದೂರದ ಬಂಧು ಇದು. ಆಂಚೊವೆಟವನ್ನು ತಿಂದು ಬದುಕುವ ಕಡಲಹಕ್ಕಿಗಳು ದ್ವೀಪಗಳಲ್ಲಿ ಶತಮಾನಗಳಿಂದ ಹಾಕಿದ ಹಿಕ್ಕೆ, ಅಂದರೆ ಗ್ವಾನೊ ಎಂಬ ಗೊಬ್ಬರ, 1840ರ ದಶಕದಿಂದ ಸುಮಾರು ನಾಲ್ಕು ದಶಕಗಳ ಕಾಲ ಯುರೋಪಿನ ಹೊಲಗಳಿಗೆ ರಫ್ತಾಗಿ ಪೆರುವಿನ ಬೊಕ್ಕಸವನ್ನು ತುಂಬಿತ್ತು. 1909ರಲ್ಲಿ ಸ್ಥಾಪನೆಯಾದ ಗ್ವಾನೊ ಆಡಳಿತ ಕಂಪನಿ ಹಕ್ಕಿಗಳನ್ನು ಕಾಪಾಡುವ ಹೊಣೆ ಹೊತ್ತಿತ್ತು. ಹಕ್ಕಿಯ ಆಹಾರವಾದ ಮೀನನ್ನು ಕಾರ್ಖಾನೆಗೆ ಹಾಕುವುದನ್ನು ಅದು ಬಲವಾಗಿ ವಿರೋಧಿಸಿತು. ಅದರ ವಿರೋಧ ತನ್ನ ವ್ಯಾಪಾರದ ಹಿತದಿಂದ ಹುಟ್ಟಿದ್ದರೂ, ಸಮುದ್ರದ ಆದಾಯಕ್ಕೆ ಒಂದು ಮಿತಿಯಿದೆ ಎಂಬ ತಿಳಿವಳಿಕೆ ಆ ವಾದದೊಳಗಿತ್ತು.

ಆ ವಾದ ಸೋಲುವುದಕ್ಕೆ ಹಲವು ಕಾರಣಗಳು ಒಟ್ಟಿಗೆ ಕೂಡಿಬಂದವು. ಕ್ಯಾಲಿಫೋರ್ನಿಯದ ಸಾರ್ಡೀನ್ ಮೀನುಗಾರಿಕೆ 1940ರ ದಶಕದ ಕೊನೆಯ ಹೊತ್ತಿಗೆ ಕುಸಿದುಬಿದ್ದು, ಕೆಲಸವಿಲ್ಲದೆ ನಿಂತ ಅಲ್ಲಿನ ಯಂತ್ರಗಳೂ ಬೋಟುಗಳೂ ಅಗ್ಗದ ಬೆಲೆಗೆ ಪೆರುವಿಗೆ ಬಂದವು. 1950ರ ದಶಕದ ನಡುವಿನಲ್ಲಿ ಬೇಗ ಕೊಳೆಯುವ ಹತ್ತಿಯ ಬಲೆಯ ಜಾಗಕ್ಕೆ ನೈಲಾನ್ ಬಲೆ ಬಂದಿತು. ಅಮೆರಿಕ ಮತ್ತು ಯುರೋಪಿನ ಕೋಳಿ, ಹಂದಿ ಸಾಕಣೆದಾರರು ಮೀನುಹುಡಿಯನ್ನು, ಅಂದರೆ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಪುಡಿಮಾಡಿದ ಮೇವನ್ನು, ಕೇಳಿದಷ್ಟು ಬೆಲೆ ಕೊಟ್ಟು ಕೊಳ್ಳತೊಡಗಿದರು. ಒಂದು ಟನ್ ಹುಡಿಗೆ ಸುಮಾರು ಐದು ಟನ್ ಹಸಿಮೀನು ಬೇಕು. ಬೊಲಿಚೆರ ಎಂಬ ಪೆರುವಿನ ಬೋಟುಗಳು ಬಳಸಿದ್ದು, ಮೀನಿನ ಹಿಂಡನ್ನು ಸುತ್ತುವರಿದು ತಳದ ಅಂಚನ್ನು ಹಗ್ಗದಿಂದ ಬಿಗಿದು ಚೀಲವಾಗಿಸುವ ಬಲೆಯನ್ನು. 1970ರ ದಶಕದಲ್ಲಿ ಮಂಗಳೂರು, ಮಲ್ಪೆಗಳಿಗೆ ಬಂದು, ದಡಕ್ಕೆ ಎಳೆಯುವ ರಂಪಣಿ ಬಲೆಯನ್ನು ಮೂಲೆಗೆ ಸರಿಸಿದ ಪರ್ಸೀನ್ ಬಲೆಯ ಜಾತಿಯೇ ಅದು. ಸಣ್ಣ ಬಂದರಾಗಿದ್ದ ಚಿಂಬೋಟೆ ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳ ಹೊಗೆಯೂ ನಾತವೂ ಮುಸುಕಿದ ನಗರವಾಗಿ ಬೆಳೆಯಿತು. ಟಾಕ್ನಾದಲ್ಲಿ ಹುಟ್ಟಿದ ಲೂಯಿಸ್ ಬಾಂಕೆರೊ ರೊಸ್ಸಿ ಈ ಉದ್ಯಮದ ದೊರೆಯೆನಿಸಿಕೊಂಡರು. 1955ರಲ್ಲಿ ಲಕ್ಷ ಟನ್ನನ್ನೂ ಮುಟ್ಟದಿದ್ದ ಆಂಚೊವೆಟದ ಹಿಡುವಳಿ 1960ರಲ್ಲಿ 30 ಲಕ್ಷ ಟನ್ನಿನ ಆಸುಪಾಸಿಗೂ, 1970ರಲ್ಲಿ 1 ಕೋಟಿ 20 ಲಕ್ಷ ಟನ್ನಿಗೂ ಏರಿತು. ಜಗತ್ತಿನ ಎಲ್ಲ ಕಡಲುಗಳಿಂದ ಆ ವರ್ಷ ಬಂದ ಮೀನಿನಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಈ ಒಂದೇ ಜಾತಿಯದು.

ಈ ಏರಿಕೆಯ ಒಳಗೇ ನಷ್ಟ ಅಡಗಿತ್ತು. ಕಡಲಿನ ಮೀನಿಗೆ ಒಡೆಯನಿಲ್ಲದ ಕಾರಣ ಒಬ್ಬ ಬಿಟ್ಟ ಮೀನು ಇನ್ನೊಬ್ಬನ ಬಲೆಗೆ ಬೀಳುತ್ತಿತ್ತು. ಆದ್ದರಿಂದ ಪ್ರತಿ ಕಂಪನಿಯೂ ಬ್ಯಾಂಕಿನಿಂದ ಸಾಲ ತಂದು ದೊಡ್ಡ ಬೋಟನ್ನೂ ದೊಡ್ಡ ಕಾರ್ಖಾನೆಯನ್ನೂ ಕಟ್ಟಿತು. 1964ರಲ್ಲಿ ಆರಂಭವಾದ ಪೆರುವಿನ ಸಮುದ್ರ ಸಂಶೋಧನಾ ಸಂಸ್ಥೆ ಮೀನಿನ ಸಂತತಿಯನ್ನು ಅಳೆದು, ಪರಿಣತರ ನೆರವಿನಿಂದ ವರ್ಷಕ್ಕೆ 95 ಲಕ್ಷ ಟನ್ನಿನ ಮಿತಿಯನ್ನು ಸೂಚಿಸಿತು. ಆದರೆ ಆ ಮಿತಿ ಇಡೀ ದೇಶಕ್ಕೆ ಒಟ್ಟಾಗಿ ಇತ್ತೇ ಹೊರತು ಯಾವ ಬೋಟಿಗೆ ಎಷ್ಟು ಎಂಬ ಹಂಚಿಕೆ ಇರಲಿಲ್ಲ. ಮಿತಿ ತಲುಪಿ ಕಡಲು ಮುಚ್ಚುವ ಮೊದಲು ಬಾಚಿಕೊಂಡಷ್ಟೂ ತನ್ನದು ಎಂಬ ಓಟಕ್ಕೆ ಅದು ಇನ್ನಷ್ಟು ಬಿರುಸು ತಂದಿತು. ಸುಮಾರು 1,500 ಬೋಟುಗಳು ಸೇರಿ ಮೀನನ್ನು ಬೇಗಬೇಗ ಬಾಚಿದಷ್ಟೂ ಮೀನುಗಾರಿಕೆಯ ದಿನಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ವರ್ಷದ ಬಹುಪಾಲು ಬೋಟು ಧಕ್ಕೆಯಲ್ಲಿ ಕಟ್ಟಿಹಾಕಿದ್ದರೂ ಬಡ್ಡಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಸಾಲ ತೀರಿಸಲು ಮತ್ತಷ್ಟು ಮೀನು ಬೇಕಾಯಿತು; ಮತ್ತಷ್ಟು ಮೀನಿಗಾಗಿ ಇನ್ನಷ್ಟು ಸಾಲ ಬೇಕಾಯಿತು. ವಿಜ್ಞಾನಿಗಳ ಎಚ್ಚರಿಕೆ ಸೋತದ್ದು ಅದರಲ್ಲಿ ತಪ್ಪಿದ್ದುದರಿಂದಲ್ಲ, ಬ್ಯಾಂಕಿನ ಕಂತಿಗೆ ಕಾಯುವ ತಾಳ್ಮೆ ಇಲ್ಲದ್ದರಿಂದ. ಕಡಲಿಗೂ ಒಂದು ಮಿತಿಯಿದೆ ಎಂಬ ಸತ್ಯವನ್ನು ಗ್ವಾನೊ ಹಕ್ಕಿಗಳು ಮೊದಲೇ ಅನುಭವಿಸಿದವು: 1950ರ ದಶಕದಲ್ಲಿ ಎರಡು ಕೋಟಿಗೂ ಹೆಚ್ಚಿದ್ದ ಅವುಗಳ ಸಂಖ್ಯೆ 1965ರ ನಂತರ ಅರ್ಧ ಕೋಟಿಗಿಂತ ಕೆಳಗೆ ಇಳಿದು ಮತ್ತೆ ಹಿಂದಿನ ಮಟ್ಟಕ್ಕೆ ಏರಲಿಲ್ಲ.

1972ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಬೆಚ್ಚನೆಯ ನೀರು ಪೂರ್ವಕ್ಕೆ ಸರಿದು ತಣ್ಣೀರಿನ ಮೇಲೇಳುವಿಕೆಯನ್ನು ಮಂಕಾಗಿಸುವ ವಿದ್ಯಮಾನ, ತೀವ್ರವಾಗಿ ಕಾಣಿಸಿಕೊಂಡಿತು. ಮೀನುಗಳು ಉಳಿದ ತಣ್ಣೀರನ್ನು ಹುಡುಕಿ ದಡದ ಸಮೀಪದಲ್ಲಿ ಒತ್ತೊತ್ತಾಗಿ ನೆರೆದವು. ಬಲೆಗಳು ಮೊದಲಿಗೆ ತುಂಬಿಬಂದುದರಿಂದ ಅಪಾಯ ಕಾಣಲೇ ಇಲ್ಲ. ಮುಂದಿನ ಪೀಳಿಗೆಯ ಮರಿಗಳು ಬರಲಿಲ್ಲ. ಆ ವರ್ಷ ಹಿಡುವಳಿ 50 ಲಕ್ಷ ಟನ್ನಿಗಿಂತ ಕೆಳಗಿಳಿದು, 1973ರಲ್ಲಿ 20 ಲಕ್ಷವನ್ನೂ ಮುಟ್ಟಲಿಲ್ಲ. ಅದೇ 1972ರಲ್ಲಿ ಭಾರತದ ಮುಂಗಾರು ಕೈಕೊಟ್ಟು ಮಹಾರಾಷ್ಟ್ರ, ಉತ್ತರ ಕರ್ನಾಟಕಗಳ ಹೊಲಗಳು ಒಣಗಿದವು. ಪೆರುವಿನ ಬರಿಬಲೆಗೂ ಇಲ್ಲಿನ ಬರಕ್ಕೂ ಸಂಬಂಧ ಕಲ್ಪಿಸುವ ಹವಾಮಾನಶಾಸ್ತ್ರ ಆಗಿನ್ನೂ ಜನರವರೆಗೆ ತಲುಪಿರಲಿಲ್ಲ. ಮೀನುಹುಡಿ ಸಿಗದಾದಾಗ ಕೋಳಿ ಸಾಕುವವರು ಸೋಯಾಬೀನಿನ ಕಡೆ ತಿರುಗಿದರು, ಅದರ ಬೆಲೆ ಗಗನಕ್ಕೇರಿತು, ಮತ್ತು 1973ರ ಬೇಸಿಗೆಯಲ್ಲಿ ಅಮೆರಿಕ ಸೋಯಾ ರಫ್ತಿಗೇ ತಡೆಹಾಕಿತು.

ಬಾಂಕೆರೊ 1972ರ ಜನವರಿ 1ರಂದೇ ಕೊಲೆಯಾಗಿದ್ದರು. 1973ರ ಮೇ ತಿಂಗಳಲ್ಲಿ ಪೆರುವಿನ ಜನರಲ್ ವೆಲಾಸ್ಕೊ ಅವರ ಸೇನಾ ಸರ್ಕಾರ ಮೀನುಹುಡಿ ಉದ್ಯಮವನ್ನು ರಾಷ್ಟ್ರೀಕರಿಸಿ ಪೆಸ್ಕ ಪೆರು ಎಂಬ ಸಂಸ್ಥೆಗೆ ವಹಿಸಿತು. ಬೋಟುಗಳ ಜೊತೆಗೆ ಅವುಗಳ ಸಾಲವೂ ಜನರ ಪಾಲಿಗೆ ಬಂತು. ಮೂರೇ ವರ್ಷಗಳಲ್ಲಿ, 1976ರಲ್ಲಿ, ಬೋಟುಗಳನ್ನು ಮತ್ತೆ ಖಾಸಗಿಯವರಿಗೆ ಕೊಡಲಾಯಿತು.

ಮೀನು ಚೇತರಿಸಿಕೊಳ್ಳಲು ಸುಮಾರು ಎರಡು ದಶಕಗಳು ಬೇಕಾದವು. 1990ರ ದಶಕದಲ್ಲಿ ದೊಡ್ಡ ಹಿಡುವಳಿಗಳೊಂದಿಗೆ ಹಳೆಯ ಓಟವೂ ಮರಳಿತು. ಪ್ರತಿ ಬೋಟಿಗೂ ಪ್ರತ್ಯೇಕ ಪಾಲನ್ನು ನಿಗದಿಪಡಿಸುವ ಕಾನೂನು ಬಂದದ್ದು 2008ರಲ್ಲಿ, ಜಾರಿಯಾದದ್ದು 2009ರಲ್ಲಿ. ಮೂವತ್ತೈದು ವರ್ಷ ಮೊದಲೇ ಆಗಬೇಕಿದ್ದ ಕೆಲಸವಿದು. ಕಡಲಿಗಿಳಿಯುವ ಬೋಟುಗಳು ಕಡಿಮೆಯಾಗಿ, ಮೀನುಗಾರಿಕೆಯ ದಿನಗಳು ಹೆಚ್ಚಾದವು. ಅದರೊಂದಿಗೆ ಎಷ್ಟೋ ಬೋಟು ಕೆಲಸಗಾರರು ಉದ್ಯೋಗ ಕಳೆದುಕೊಂಡರೆಂಬುದನ್ನೂ ಮರೆಯಬಾರದು. 2023ರಲ್ಲಿ ಕಡಲು ಮತ್ತೆ ಬೆಚ್ಚಗಾಗಿ ಬಲೆಯಲ್ಲಿ ಮರಿಮೀನುಗಳೇ ತುಂಬಿ ಬಂದಾಗ, ಪೆರು ಸರ್ಕಾರ ಮುಖ್ಯ ಮೀನುಗಾರಿಕಾ ಪ್ರದೇಶದಲ್ಲಿ ವರ್ಷದ ಮೊದಲ ಹಂಗಾಮನ್ನೇ ರದ್ದುಪಡಿಸಿತು. ಆ ವರ್ಷ ದೇಶದ ಒಟ್ಟು ಉತ್ಪನ್ನ ಸ್ವಲ್ಪ ಕುಗ್ಗಿತು.