ಯೋಸುವಿನ ಹುಡುಗಿಯೂ ಒಂದು ಹಳೆಯ ಈಜೂ

ಸ್ಪರ್ಧೆಯ ಈಜಿನಲ್ಲಿ ಇಂದು ಬಳಕೆಯಲ್ಲಿರುವ ನಾಲ್ಕು ಬಗೆಗಳಲ್ಲಿ ಎಲ್ಲಕ್ಕಿಂತ ಮಂದಗತಿಯದೂ ಎಲ್ಲಕ್ಕಿಂತ ಪ್ರಾಚೀನವೂ ಆದದ್ದು ಬ್ರೆಸ್ಟ್‌ಸ್ಟ್ರೋಕ್. ಎದೆಯನ್ನು ನೀರಿಗೊಡ್ಡಿ, ಕೈಗಳೆರಡನ್ನೂ ಒಟ್ಟಿಗೆ ಮುಂದಕ್ಕೆ ಚಾಚಿ, ಅಗಲಿಸಿ ಎದೆಯ ಬಳಿಗೆ ಸೆಳೆದುಕೊಂಡು, ಕಾಲುಗಳನ್ನು ಕಪ್ಪೆಯಂತೆ ಮಡಿಸಿ ಒದೆಯುವ ಈ ಕ್ರಮವನ್ನು ಕೆರೆ ಬಾವಿಗಳಲ್ಲಿ ಈಜು ಕಲಿತವರಿಗೆ ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. 1875ರ ಆಗಸ್ಟಿನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಎಂಬ ಸಾಹಸಿಯು ಇಂಗ್ಲಿಷ್ ಕಡಲ್ಗಾಲುವೆಯನ್ನು ಇಪ್ಪತ್ತೆರಡು ಗಂಟೆಗಳಿಗೆ ತುಸು ಕಡಿಮೆಯಾದ ಅವಧಿಯಲ್ಲಿ ದಾಟಿದ್ದು ಈ ಈಜಿನಿಂದಲೇ. ಮುಂದೆ ಕ್ರಾಲ್ ಎಂಬ ವೇಗದ ಕ್ರಮವು ಪ್ರಚಾರಕ್ಕೆ ಬಂದಮೇಲೆ, ವೇಗವೊಂದನ್ನೇ ಬಯಸುವವರು ಈ ಈಜನ್ನು ತೊರೆದು ಹೋದರೂ, ಒಲಿಂಪಿಕ್ ಕೂಟವು 1908ರಲ್ಲಿ ಇದಕ್ಕೆಂದೇ ಇನ್ನೂರು ಮೀಟರಿನ ಪ್ರತ್ಯೇಕ ಸ್ಪರ್ಧೆಯನ್ನು ಏರ್ಪಡಿಸಿ, 1924ರಲ್ಲಿ ಸ್ತ್ರೀಯರಿಗೂ ಅದನ್ನು ವಿಸ್ತರಿಸಿ, ಅದರ ಪ್ರಾಣವನ್ನು ಉಳಿಸಿತು.

ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ನಿಯಮದ ಸಂದುಗಳನ್ನು ಹುಡುಕಿ ವೇಗವನ್ನು ಸಂಪಾದಿಸುವ ಪ್ರಯತ್ನ ಈ ಈಜಿನಲ್ಲಿ ನಡೆದಷ್ಟು ಬೇರೆಲ್ಲೂ ನಡೆಯಲಿಲ್ಲ. ಕೆಲವರು ಕೈಗಳನ್ನು ನೀರಿನ ಮೇಲಿಂದ ಬೀಸಿ ತರತೊಡಗಿದರು. ಆ ಕ್ರಮವೇ ಬೆಳೆದು, 1952ರಲ್ಲಿ ಬಟರ್‌ಫ್ಲೈ ಎಂಬ ಬೇರೆಯ ಈಜಾಗಿ ಬೇರ್ಪಟ್ಟಿತು. 1956ರ ಮೆಲ್ಬರ್ನ್ ಕೂಟದಲ್ಲಿ ಜಪಾನಿನ ಮಸಾರು ಫುರುಕಾವಾ ದಾರಿಯ ಬಹುಭಾಗವನ್ನು ನೀರಿನ ಅಡಿಯಲ್ಲಿಯೇ ಕ್ರಮಿಸಿ ಚಿನ್ನವನ್ನು ಗೆದ್ದನು. ಮರುವರ್ಷವೇ ಅದಕ್ಕೂ ನಿಷೇಧ ಬಂದಿತು. ಪ್ರತಿಯೊಂದು ಸೆಳೆತಕ್ಕೂ ತಲೆ ನೀರಿನ ಮೇಲೆ ಕಾಣಿಸಬೇಕು, ಗೋಡೆಯನ್ನು ಎರಡು ಕೈಗಳಿಂದಲೂ ಏಕಕಾಲದಲ್ಲಿ ಮುಟ್ಟಬೇಕು ಎಂಬ ಇಂದಿನ ಕಟ್ಟುಪಾಡುಗಳೆಲ್ಲ ಇಂತಹ ಜಗ್ಗಾಟದ ಫಲಗಳೇ.

ಏಷ್ಯದಲ್ಲಿ ಈ ಈಜಿನ ಪೀಠವನ್ನು ಮೊದಲು ಏರಿದವರು ಜಪಾನೀಯರು. 1928ರ ಒಲಿಂಪಿಕ್ ಕೂಟದಲ್ಲಿಯೂ 1932ರದರಲ್ಲಿಯೂ ಯೋಶಿಯುಕಿ ತ್ಸುರುತಾ ಗೆದ್ದನು. 1936ರ ಬರ್ಲಿನ್‌ನಲ್ಲಿ ಹಿದೆಕೊ ಮಾಯೆಹಾತಾ ಇನ್ನೂರು ಮೀಟರಿನಲ್ಲಿ ಗೆದ್ದು, ಒಲಿಂಪಿಕ್ ಚಿನ್ನವನ್ನು ಪಡೆದ ಜಪಾನಿನ ಪ್ರಥಮ ಮಹಿಳೆಯಾದಳು. ಆಕೆಯ ಗೆಲುವನ್ನು ಜಪಾನಿನ ಮನೆಮನೆಯ ರೇಡಿಯೋ ಸಾರಿತು. ಅದೇ ಬರ್ಲಿನ್‌ನಲ್ಲಿ, ಅದಕ್ಕೆ ಎರಡು ದಿನ ಮೊದಲು, ಕೊರಿಯದ ಸೋನ್ ಕೀ-ಚಂಗ್ ಮ್ಯಾರಥಾನ್ ಓಟವನ್ನು ಗೆದ್ದು, ತನ್ನ ದೇಶವನ್ನು 1910ರಿಂದ ಆಳುತ್ತಿದ್ದ ಜಪಾನೀಯರ ಧ್ವಜವನ್ನೇ ಎದೆಯ ಮೇಲೆ ಧರಿಸಿ ತಲೆತಗ್ಗಿಸಿ ನಿಂತಿದ್ದನು. ಆ ಚಿತ್ರದಿಂದ ಧ್ವಜವನ್ನು ಅಳಿಸಿ ಅಚ್ಚುಹಾಕಿದ ‘ತೊಂಗ್-ಆ ಇಲ್ಬೊ’ ಪತ್ರಿಕೆಯು ತಿಂಗಳುಗಟ್ಟಲೆ ಮುಚ್ಚಿಹೋಯಿತು. ತನ್ನದೇ ಧ್ವಜದಡಿಯಲ್ಲಿ ಒಲಿಂಪಿಕ್ ಕೂಟಕ್ಕೆ ಬರಲು ಕೊರಿಯವು 1948ರವರೆಗೆ ಕಾಯಬೇಕಾಯಿತು. ಅದಾಗಿ ಎರಡು ವರ್ಷಗಳಲ್ಲಿಯೇ ಯುದ್ಧ ಬಂದು ನಾಡನ್ನು ಸುಟ್ಟಿತು. ಇಂತಹ ನಾಡಿನಲ್ಲಿ ಈಜುಕೊಳಗಳು ಏಕೆ ತಡವಾಗಿ ಬಂದವೆಂದು ಕೇಳಬೇಕಾಗಿಲ್ಲ.

ಮೂರು ಕಡೆಯೂ ಕಡಲಿದ್ದ ಆ ದೇಶಕ್ಕೆ ನೀರು ಅಪರಿಚಿತವಾಗಿತ್ತೆಂದು ಇದರ ಅರ್ಥವಲ್ಲ. ಜೇಜು ದ್ವೀಪದ ಹೇನ್ಯೋ ಎಂಬ ಸ್ತ್ರೀಯರು ಶತಮಾನಗಳಿಂದ ಉಸಿರು ಕಟ್ಟಿ ಕಡಲಡಿಗೆ ಇಳಿದು, ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ತಂದು ಸಂಸಾರವನ್ನು ಸಾಕುತ್ತಿದ್ದರು. 1932ರಲ್ಲಿ ವಸಾಹತು ಆಡಳಿತದ ಸುಲಿಗೆಯ ವಿರುದ್ಧ ಬೀದಿಗಿಳಿದವರೂ ಅವರೇ. ಆದರೆ ಅದು ಜೀವನೋಪಾಯದ ವಿದ್ಯೆ. ಅಳತೆ ಮಾಡಿದ ಕೊಳ, ಗಡಿಯಾರ, ಶಿಕ್ಷಕ ಇವೆಲ್ಲ ಬೇಕಾದ ಸ್ಪರ್ಧೆಯ ಈಜಿಗೆ ಬೇರೆಯೇ ತಳಹದಿ ಬೇಕಾಗಿತ್ತು. ಅದು ಮೆಲ್ಲಮೆಲ್ಲನೆ ಸಿದ್ಧವಾಯಿತು. 1966ರಲ್ಲಿ ಸೋಲ್ ನಗರದ ತೇರುಂಗಿನಲ್ಲಿ ಕ್ರೀಡಾಪಟುಗಳ ವಸತಿ ಶಿಬಿರ ತೆರೆಯಿತು. ದಕ್ಷಿಣ ಜೊಲ್ಲಾ ಪ್ರಾಂತದ ಹೇನಮ್ಮಿನ ಚೋ ಓ-ರ್ಯೋನ್, 1970 ಮತ್ತು 1974ರ ಏಷ್ಯನ್ ಕ್ರೀಡಾಕೂಟಗಳೆರಡರಲ್ಲಿಯೂ ನಾನ್ನೂರು ಹಾಗೂ ಸಾವಿರದೈನೂರು ಮೀಟರಿನ ಫ್ರೀಸ್ಟೈಲನ್ನು ಗೆದ್ದು, 1980ರಲ್ಲಿ ಬುಸಾನಿನಿಂದ ಜಪಾನಿನ ತ್ಸುಶಿಮಾ ದ್ವೀಪಕ್ಕೆ ಕಡಲನ್ನೇ ಈಜಿ ದಾಟಿದನು. 1982ರಲ್ಲಿ ನಮ್ಮ ದೆಹಲಿಯ ಕೂಟದಲ್ಲಿ ಚೋಯ್ ಯುನ್-ಹೀ ಎಂಬ ಬಾಲೆ ಮೂರು ಚಿನ್ನಗಳನ್ನು ಬಾಚಿಕೊಂಡಳು. ನಾಲ್ಕು ವರ್ಷಗಳ ತರುವಾಯ ಸೋಲ್ ಕೂಟದಲ್ಲಿ ಇನ್ನೆರಡನ್ನು ಗಳಿಸಿದ ಆಕೆ, ಮುಂದೆ ಕಾಲಾಂತರದಲ್ಲಿ ತನ್ನ ಸರ್ಕಾರದ ಕ್ರೀಡಾ ಖಾತೆಯ ಉಪಸಚಿವೆಯೂ ಆದಳು.

ಕೊರಿಯದ ಈಜೆಂದರೆ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಪಾರ್ಕ್ ತೇ-ಹ್ವಾನ್ ಒಬ್ಬನೇ ಎಂದು ಬಗೆಯುವವರುಂಟು. ಆತನ ಮಹತ್ತ್ವವನ್ನು ಕುಗ್ಗಿಸುವ ಇಚ್ಛೆ ನನಗಿಲ್ಲ; ಆದರೆ ಒಬ್ಬನ ಪ್ರಭೆಯಲ್ಲಿ ಉಳಿದವರ ದುಡಿಮೆ ಮರೆಯಾಗುವುದು ನ್ಯಾಯವಲ್ಲವೆಂದು ಮಾತ್ರ ಹೇಳಬಯಸುತ್ತೇನೆ. ಹೀಗೆ ಮರೆಯಾಗಬಾರದವಳು ಜಂಗ್ ದಾ-ರೇ. ಆಕೆ ಹುಟ್ಟಿದ್ದು 1991ರಲ್ಲಿ, ಚೋ ಓ-ರ್ಯೋನನ ಪ್ರಾಂತದಲ್ಲಿಯೇ, ಯೋಸು ಎಂಬ ದಕ್ಷಿಣದ ರೇವುಪಟ್ಟಣದಲ್ಲಿ. ಆರಿಸಿಕೊಂಡದ್ದು ಬ್ರೆಸ್ಟ್‌ಸ್ಟ್ರೋಕನ್ನು, ಅಂದರೆ ಆಕೆಯ ದೇಶದ ಸ್ತ್ರೀಯರು ಏಷ್ಯನ್ ಕೂಟದಲ್ಲಿ ಒಮ್ಮೆಯೂ ಚಿನ್ನ ಕಾಣದಿದ್ದ ಈಜನ್ನು.

2010ರ ನವೆಂಬರಿನಲ್ಲಿ ಚೀನದ ಗ್ವಾಂಗ್‌ಜೋ ನಗರದ ಏಷ್ಯನ್ ಕೂಟದಲ್ಲಿ ಈ ಈಜಿನ ಇನ್ನೂರು ಮೀಟರಿನ ಅಂತಿಮ ಸ್ಪರ್ಧೆ ನಡೆಯಿತು. ಐವತ್ತು ಮೀಟರಿನ ಕೊಳದಲ್ಲಿ ನಾಲ್ಕು ಉದ್ದ, ಮೂರು ತಿರುವು. ಒಂದೊಂದು ತಿರುವಿನಲ್ಲಿಯೂ ಎರಡು ಅಂಗೈಗಳನ್ನು ಗೋಡೆಗೆ ಒಟ್ಟಿಗೆ ಒತ್ತಿ, ಮೈಯನ್ನು ಮಡಿಸಿ ತಿರುಗಿ, ಪಾದಗಳಿಂದ ಗೋಡೆಯನ್ನು ತಳ್ಳಿ, ನೀರಿನಡಿಯಲ್ಲಿ ಕೈಗಳನ್ನು ತೊಡೆಯವರೆಗೆ ಒಮ್ಮೆ ಮಾತ್ರ ಸೆಳೆದು, ಡಾಲ್ಫಿನ್‌ನ ಬಾಲದಂತಹ ಒಂದೇ ಒಂದು ಒದೆತವನ್ನೂ (2005ರ ನಿಯಮ ಅದಕ್ಕೆ ಅನುಮತಿಯಿತ್ತಿತ್ತು) ಬ್ರೆಸ್ಟ್‌ಸ್ಟ್ರೋಕಿನ ಒಂದು ಒದೆತವನ್ನೂ ಕೊಟ್ಟು ಮೇಲೇಳಬೇಕು. ಇದರಲ್ಲಿ ಎಳ್ಳಷ್ಟು ಹೆಚ್ಚಾದರೂ ಅನರ್ಹತೆ, ಕಡಿಮೆಯಾದರೆ ಸೋಲು. ಮೊದಲ ನೂರು ಮೀಟರಿನಲ್ಲಿ ಆತುರಪಟ್ಟವರ ತೊಡೆಗಳು ಕಡೆಯ ಐವತ್ತರಲ್ಲಿ ಕಲ್ಲಾಗುತ್ತವೆ. ಆತಿಥೇಯ ಚೀನದ ಈಜುಗಾರ್ತಿಯರು ಬೆನ್ನಹಿಂದೆಯೇ ಇದ್ದಂತೆ, ಹದಿನೆಂಟರ ಜಂಗ್ ದಾ-ರೇ 2 ನಿಮಿಷ 25.02 ಸೆಕೆಂಡಿನಲ್ಲಿ ಗೋಡೆಯನ್ನು ಮುಟ್ಟಿದಳು. ಫಲಕದಲ್ಲಿ ತನ್ನ ಹೆಸರನ್ನು ಕಂಡ ಆಕೆ ಬಿಕ್ಕಿಬಿಕ್ಕಿ ಅತ್ತದ್ದನ್ನು ಕೊರಿಯವೆಲ್ಲ ಕಂಡಿತು. 1998ರ ಬ್ಯಾಂಕಾಕ್ ಕೂಟದಲ್ಲಿ ಚೋ ಹೀ-ಯೋನ್ ಬಟರ್‌ಫ್ಲೈಯಲ್ಲಿ ಗೆದ್ದ ಮೇಲೆ, ಹನ್ನೆರಡು ವರ್ಷ ಕೊರಿಯದ ಯಾವ ಈಜುಗಾರ್ತಿಗೂ ಏಷ್ಯನ್ ಕೂಟದ ಚಿನ್ನ ದಕ್ಕಿರಲಿಲ್ಲವೆಂಬುದನ್ನು ನೆನೆದರೆ, ಆ ಅಶ್ರುವಿನ ತೂಕ ತಿಳಿದೀತು. ಅದೇ ಕೊಳದಲ್ಲಿ ನಮ್ಮ ವೀರಧವಳ ಖಾಡೆ ಕಂಚನ್ನು ಗೆದ್ದು, 1986ರಲ್ಲಿ ಸೋಲ್ ನಗರದಲ್ಲಿ ಖಜಾನ್ ಸಿಂಗ್ ಬೆಳ್ಳಿ ಪಡೆದಂದಿನಿಂದ ಭಾರತದ ಈಜಿಗೆ ಬಂದಿದ್ದ ಇಪ್ಪತ್ನಾಲ್ಕು ವರ್ಷಗಳ ಬರವನ್ನು ನೀಗಿಸಿದನು.

ಜಂಗ್ ದಾ-ರೇ 2012ರ ಲಂಡನ್ ಒಲಿಂಪಿಕ್ಸಿನಲ್ಲಿಯೂ ಈಜಿದಳು. ಗ್ವಾಂಗ್‌ಜೋವಿನಂತಹ ಗೆಲುವು ಮತ್ತೆ ಬರಲಿಲ್ಲ. 2014ರಲ್ಲಿ ಏಷ್ಯನ್ ಕೂಟವು ಕೊರಿಯದ ಇಂಚಿಯೋನಿಗೆ ಬಂದಾಗ, ಬೆಂಗಳೂರಿನಲ್ಲಿ ಅಭ್ಯಾಸ ಮಾಡಿ ಪಳಗಿದ ದೆಹಲಿಯ ಸಂದೀಪ್ ಸೇಜ್ವಾಲ್ ಇದೇ ಬ್ರೆಸ್ಟ್‌ಸ್ಟ್ರೋಕಿನ ಐವತ್ತು ಮೀಟರಿನಲ್ಲಿ ಕಂಚನ್ನು ಗೆದ್ದನು. ಜಂಗ್ ದಾ-ರೇಯ ಇನ್ನೂರು ಮೀಟರಿನ ಪೀಠದ ಮೇಲೆ ಕೊರಿಯದ ಇನ್ನೊಬ್ಬಳು ನಿಂತದ್ದು 2023ರಲ್ಲಿ, ಹಾಂಗ್‌ಜೋ ಕೂಟದಲ್ಲಿ ಕ್ವಾನ್ ಸೇ-ಹ್ಯೋನ್ ಚೀನದ ಯೇ ಶಿವೆನ್‌ಳ ಹಿಂದೆ ಎರಡನೆಯವಳಾಗಿ ಬಂದು ಬೆಳ್ಳಿಯನ್ನು ಪಡೆದಾಗ.