ಚೀಲ ಬಳ್ಳಾರಿಯಲ್ಲಿ ಮಲಗಿತು

ರೈಲಿನ ಟಪಾಲು ನೋಡಿಕೊಳ್ಳುವ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ (ಆರ್‌ಎಂಎಸ್) ಮೂವತ್ತೊಂದು ವರ್ಷ ಟಪಾಲು ವಿಂಗಡಿಸಿದವನು ನಾನು. ರಾತ್ರಿ ಪಾಳಿ, ಅರಗಿನ ವಾಸನೆ, ಬೆರಳಿಗೆ ಕಚ್ಚುವ ಸೆಣಬಿನ ಹುರಿ. ಯಾವ ಚೀಲ ಯಾವ ಊರಲ್ಲಿ ರಾತ್ರಿ ಕಳೆಯುತ್ತದೆ ಎನ್ನುವುದೇ ನಮ್ಮ ಲೆಕ್ಕಾಚಾರ. ಹಾಗಾಗಿ 1932ರ ಮೊದಲ ಟಾಟಾ ವಿಮಾನ ಟಪಾಲಿನ ಕಥೆ ಓದುವಾಗ ಎಲ್ಲರೂ ಜೆ.ಆರ್.ಡಿ. ಟಾಟಾ ಅವರನ್ನು ನೋಡಿದರೆ, ನಾನು ಚೀಲದ ಬೆನ್ನು ಹತ್ತಿದೆ. ಅದು ಬಂದು ಇಳಿದದ್ದು ನಮ್ಮ ಬಳ್ಳಾರಿಯಲ್ಲಿ.

ಲಂಡನ್ನಿನ ಟಪಾಲನ್ನು ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದು ಹಾಕುತ್ತಿತ್ತು. ಅಕ್ಟೋಬರ್ 15ರ ಬೆಳಗ್ಗೆ ಆರೂವರೆ ಸುಮಾರಿಗೆ ಟಾಟಾ ಅದನ್ನು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ವಿಮಾನಕ್ಕೆ ಏರಿಸಿಕೊಂಡು ಹೊರಟರು. ಅಹಮದಾಬಾದಿನಲ್ಲಿ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಬಂತು. (ಆ ಎತ್ತುಗಳ ಬಗ್ಗೆ ಬರೆಯದವರಿಲ್ಲ, ಬಿಡಿ.) ಮಧ್ಯಾಹ್ನ ಎರಡರ ಹೊತ್ತಿಗೆ ಜುಹು. ಆಗಿನ ಜುಹು ಅಂದರೆ ಕಡಲಂಚಿನ ಕೆಸರು ಬಯಲು. ಮಳೆಗಾಲ ಬಂದರೆ ವಿಮಾನಗಳು ಪುಣೆಗೆ ಗುಳೆ ಹೋಗಬೇಕು. ಜುಹುವಿನಲ್ಲಿ ಮದ್ರಾಸಿನ ಚೀಲ ನೆವಿಲ್ ವಿನ್‌ಸೆಂಟ್ ಎಂಬ ಪೈಲಟ್ ಕೈಗೆ ಬಂತು.

ಬಳ್ಳಾರಿಯೇ ಯಾಕೆ? ಮೊಮ್ಮಗಳ ಅಟ್ಲಾಸ್ ಬಿಚ್ಚಿ, ಹೊಲಿಗೆ ದಾರದ ಒಂದು ತುದಿಯನ್ನು ಮುಂಬೈ ಮೇಲೆ, ಇನ್ನೊಂದನ್ನು ಚೆನ್ನೈ ಮೇಲೆ ಒತ್ತಿ ಹಿಡಿದೆ. ದಾರ ಬಳ್ಳಾರಿಯ ಚುಕ್ಕೆಯನ್ನು ಸವರಿಕೊಂಡೇ ಹೋಯಿತು! ಜುಹುವಿನಿಂದ ಬಳ್ಳಾರಿಗೆ ಸುಮಾರು 610 ಕಿ.ಮೀ., ಅಲ್ಲಿಂದ ಮದ್ರಾಸಿಗೆ ಸುಮಾರು 430. ನೇರ ದಾರಿಗಿಂತ ಹೆಚ್ಚಾಗುವುದು ಐದಾರು ಕಿ.ಮೀ. ಅಷ್ಟೇ.

ಆದರೆ ದೂರ ಅರ್ಧ ಲೆಕ್ಕ, ಮಿಕ್ಕರ್ಧ ಸೂರ್ಯನದು. ಪುಸ್ ಮಾತ್ ಗಂಟೆಗೆ ಸುಮಾರು 170 ಕಿ.ಮೀ. ಹಾರುತ್ತದೆ. ಎರಡೂವರೆಗೆ ಹೊರಟರೂ ಬಳ್ಳಾರಿ ಮುಟ್ಟುವಾಗ ಆರು. ಅಕ್ಟೋಬರ್ ನಡುವೆ ನಮ್ಮಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ವಿಮಾನದಲ್ಲಿ ರೇಡಿಯೋ ಇಲ್ಲ. ಕೆಳಗೆ ಕಾಣುವ ಹೊಳೆ, ಗುಡ್ಡ, ರೈಲು ಹಳಿಗಳೇ ದಾರಿ ಹೇಳಬೇಕು. ಬಯಲಲ್ಲಿ ಒಂಟಿಯಾಗಿ ಎದ್ದು ನಿಂತ ನಮ್ಮ ಕೋಟೆಗುಡ್ಡಕ್ಕಿಂತ ಒಳ್ಳೆಯ ಗುರುತು ಆ ಎರೆಸೀಮೆಯಲ್ಲಿ ಇನ್ಯಾವುದಿತ್ತು? ಇನ್ನೆರಡೂವರೆ ಗಂಟೆ ಬೆಳಕಿದ್ದಿದ್ದರೆ ಚೀಲ ಅಂದೇ ಮದ್ರಾಸು ಸೇರುತ್ತಿತ್ತು, ಬಳ್ಳಾರಿಯ ಹೆಸರು ಈ ಕಥೆಯಲ್ಲಿ ಬರುತ್ತಲೇ ಇರಲಿಲ್ಲವೇನೋ. ರಾತ್ರಿ ಇಲ್ಲೇ ತಂಗಿ, ಮಾರನೆಯ ದಿನ ಅದು ಮದ್ರಾಸಿಗೆ ಹೋಯಿತು.

ಈ ಭಾಗ್ಯ ಬಹಳ ಕಾಲ ಉಳಿಯಲಿಲ್ಲ. ಮುಂದೆ ಟಪಾಲಿನ ದಾರಿ ಹೈದರಾಬಾದಿನ ಮೇಲೆ ಹೊರಳಿತು. ಅಟ್ಲಾಸಿನಲ್ಲಿ ಅದನ್ನೂ ಅಳೆದೆ: ನೂರು ಕಿ.ಮೀ.ಗೂ ಮೀರಿದ ಸುತ್ತು! ಹೊಟ್ಟೆ ಉರಿದರೂ ವೃತ್ತಿಯವನಾಗಿ ಒಪ್ಪಲೇಬೇಕು, ನಿಜಾಮನ ರಾಜಧಾನಿಯಲ್ಲಿ ಸಿಗುವಷ್ಟು ಟಪಾಲು, ಪ್ರಯಾಣಿಕರು ಬಳ್ಳಾರಿಯಲ್ಲಿ ಎಲ್ಲಿಂದ ಬರಬೇಕು?

ಆ ಮೊದಲ ಹಾರಾಟಕ್ಕೆ ಐವತ್ತು ತುಂಬಿದ 1982ರಲ್ಲಿ, ಎಪ್ಪತ್ತೆಂಟರ ಪ್ರಾಯದಲ್ಲಿ, ಟಾಟಾ ಮತ್ತೆ ಕರಾಚಿಯಿಂದ ಹಾರಿ ಬಂದು ಜುಹುವಿನಲ್ಲಿ ಇಳಿದರು. ಪಯಣ ಅಲ್ಲಿಗೇ ಮುಗಿಯಿತು. ಅಂದು ನಾನು ಪಾಳಿಯಲ್ಲಿದ್ದೆ. ಮದ್ರಾಸಿನ ಚೀಲಗಳು ಎಂದಿನಂತೆ ರೈಲಿನಲ್ಲಿ, ಬಳ್ಳಾರಿಗೆ ಐವತ್ತು ಕಿ.ಮೀ. ಆಚೆ, ಗುಂತಕಲ್ ದಾಟಿ ಹೋದವು.